ಹೊಟ್ಟೆ ತುಂಬದ ಕೌದಿ

ನನ್ನ ನೀಲಿ ಚೌಕಳಿ ಅಂಗಿಯ ಮೇಲೆ ನಮ್ಮ ಮನೆಯಲ್ಲಿ ಎರಡು ವರ್ಷ ಒಂದು ಕಣ್ಣಿತ್ತು. ಕಣ್ಣು ನನ್ನ ಹೆಂಡತಿಯದು. ಅಂಗಿ ಹರಿದಿರಲಿಲ್ಲ. ಕಾಲರಿನ ಮಡಿಕೆ ಸ್ವಲ್ಪ ಸವೆದಿತ್ತು, ಎಡ ಮೊಣಕೈ ಹತ್ತಿರ ಬಟ್ಟೆ ತೆಳ್ಳಗಾಗಿ ಅದರೊಳಗಿಂದ ಪೇಪರ್ ಓದುವಂತಿತ್ತು, ಕೆಳಗಿನ ಎರಡು ಗುಂಡಿಗಳು ಬೇರೆ ಬೇರೆ ಮನೆತನದವು. ಇಷ್ಟು ಬಿಟ್ಟರೆ ಅಂಗಿ ಹೊಸದೇ. ಆದರೆ ಅದನ್ನು ತೊಟ್ಟು ನಾನು ಪಡಸಾಲೆಗೆ ಬಂದ ಕೂಡಲೇ ಆಕೆ ನನ್ನನ್ನು ನೋಡುತ್ತಿರಲಿಲ್ಲ, ಅಂಗಿಯನ್ನು ನೋಡುತ್ತಿದ್ದಳು. ಮಟನ್ ಅಂಗಡಿಯವ ಓಣಿಯಲ್ಲಿ ಹಾದುಹೋಗುವ ಕುರಿಯನ್ನು ನೋಡುವ ಪ್ರೀತಿಯ ನೋಟ. ಒಂದು ದಿನ ಬೆನ್ನ ಹಿಂದೆ ನಿಂತು ಗೇಣು ಹಾಕಿ ಅಳೆದೂ ಬಿಟ್ಟಳು. "ಬೆನ್ನಾಗ ಎರಡ ಗೇಣ ಚೊಲೋ ಅರಿವಿ ಸಿಗತೈತಿ" ಎಂದಳು. ನನ್ನ ಬೆನ್ನನ್ನು ಮದುವೆಯಾದಾಗಿನಿಂದ ಯಾರೂ ಅಷ್ಟು ಹೊಗಳಿರಲಿಲ್ಲ.

ಇದಕ್ಕೆಲ್ಲ ಕಾರಣ ಟ್ರಂಕಿನ ಮೇಲೆ ಸುರುಳಿ ಸುತ್ತಿ ಇಟ್ಟಿದ್ದ ಒಂದು ಕೌದಿ. ನಾಲ್ಕೂ ಅಂಚು ಮುಗಿದಿದ್ದವು, ಸುತ್ತಲ ಹೊಲಿಗೆ ಮುಗಿದಿತ್ತು, ನಟ್ಟನಡುವೆ ಒಂದು ತಟ್ಟೆಯಷ್ಟು ಜಾಗ ಮಾತ್ರ ಬಾಯಿ ತೆರೆದುಕೊಂಡಿತ್ತು. ಅದು ಕೌದಿಯ ಹೊಟ್ಟೆ. ಆ ಹೊಟ್ಟೆಗೆ ನನ್ನ ಅಂಗಿಯೇ ಬೇಕು ಎಂಬುದು ಆಕೆಯ ಹಟ. ಊರಲ್ಲಿ ಬೇರೆ ಬಟ್ಟೆಯೇ ಇಲ್ಲವೇನು ಎಂಬುದು ನನ್ನ ವಾದ.

ಕೌದಿ ಎಂದರೇನು ಎಂದು ಕೇಳುವ ದಕ್ಷಿಣದ ಬೀಗರಿಗಾಗಿ ಎರಡು ಮಾತು. ಹಳೆಯ ಸೀರೆ, ಧೋತರ, ಪರಕಾರ, ಅಂಗಿಗಳನ್ನು ತುಂಡು ಮಾಡಿ, ಪದರದ ಮೇಲೆ ಪದರ ಹಾಸಿ, ಕೈಹೊಲಿಗೆಯಿಂದ ಒಂದಾಗಿಸಿದ ವಸ್ತುವಿಗೆ ಕೌದಿ ಎನ್ನುತ್ತೇವೆ. ಕೆಳಗೆ ಹಾಸಿದರೆ ಹಾಸಿಗೆ, ಮೇಲೆ ಎಳೆದುಕೊಂಡರೆ ಹೊದಿಕೆ, ಮಡಚಿಟ್ಟರೆ ತಲೆದಿಂಬು, ನೆಂಟರು ಬಂದರೆ ಸೋಫಾ. ಬೆಳಗಾವಿ ದಾಟಿ ಮರಾಠಿ ಸೀಮೆಗೆ ಹೋದರೆ ಇದೇ ಗೋಧಡಿ, ಬಿಹಾರಕ್ಕೆ ಹೋದರೆ ಸುಜನಿ, ಬಂಗಾಳಕ್ಕೆ ಹೋದರೆ ಕಾಂಥಾ, ಸಿಂಧದ ಕಡೆ ರಲ್ಲಿ. ಭಾಷೆ ಬದಲಾದರೂ ಬುದ್ಧಿ ಒಂದೇ: ಮನೆಯೊಳಗೆ ಬಂದ ಅರಿವೆ ಅಷ್ಟು ಸುಲಭಕ್ಕೆ ಹೊರಗೆ ಹೋಗಕೂಡದು. ಸೀರೆ ಸವೆದು ಪರಕಾರವಾಗಿ, ಪರಕಾರ ಗಿಡ್ಡಾಗಿ ಕೂಸಿನ ಕುಂಚಿಗೆಯಾಗಿ, ಕುಂಚಿಗೆ ಪಿಸಿದು ಕೌದಿಯ ತುಂಡಾಗಿ, ಕೌದಿಯೂ ಹರಿದ ಮೇಲೆ ಬೇರೆ ಕೌದಿಯ ಒಳಪದರವಾಗಿ ಮತ್ತೆ ಗರ್ಭ ಸೇರುತ್ತದೆ. ಪುನರ್ಜನ್ಮ ಇದೆಯೋ ಇಲ್ಲವೋ ಎಂದು ಪಂಡಿತರು ಮಠದಲ್ಲಿ ಕೂತು ವಾದಿಸುವಾಗ, ಅವರು ಕೂತಿದ್ದೇ ಒಂದು ಪುನರ್ಜನ್ಮದ ಮೇಲೆ.

ನಾನು ಕೌದಿ ಹೊಲಿಯುವವನಲ್ಲ. ಹಾಗಂತ ಹೊರಗಿನವನೂ ಅಲ್ಲ. ಆರನೆಯ ವಯಸ್ಸಿನಿಂದ ನಾನು ಈ ಇಲಾಖೆಯಲ್ಲಿ ಸೂಜಿಗೆ ದಾರ ಪೋಣಿಸುವ ಹುದ್ದೆಯಲ್ಲಿದ್ದೇನೆ. ನನ್ನನ್ನು ನೇಮಿಸಿಕೊಂಡವಳು ನಮ್ಮ ಆಯಿ, ಅಂದರೆ ಅಜ್ಜಿ. ಮಧ್ಯಾಹ್ನದ ಊಟ ಮುಗಿದು ಭಾಂಡೆ ತಿಕ್ಕಿಯಾದ ಮೇಲೆ ಪಡಸಾಲೆಯಲ್ಲಿ ಕೌದಿ ಹರಡುತ್ತಿದ್ದಳು. ಹರಡಿದ ಎರಡನೆಯ ನಿಮಿಷಕ್ಕೆ ಬೆಕ್ಕು ಬಂದು ನಡುವೆ ಮಲಗುತ್ತಿತ್ತು, ಮೂರನೆಯ ನಿಮಿಷಕ್ಕೆ ಓಣಿಯ ಹೆಣ್ಣುಮಕ್ಕಳು ಬಂದು ಸುತ್ತ ಕೂರುತ್ತಿದ್ದರು, ನಾಲ್ಕನೆಯ ನಿಮಿಷಕ್ಕೆ "ಏ ತಮ್ಮಾ, ದಾರ ಹಾಕಿಕೊಡ ಬಾ" ಎಂಬ ಕರೆ ಬರುತ್ತಿತ್ತು. ಗೋಲಿ ಆಡುವವನ ಕೈಗೆ ಸೂಜಿ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಬೆರಳಲ್ಲಿ ಹೊಸೆದು, ಒಂದು ಕಣ್ಣು ಮುಚ್ಚಿ ಒಂದೇ ಏಟಿಗೆ ದಾಟಿಸಿದರೆ ಐದು ಹೆಂಗಸರು ಒಟ್ಟಿಗೆ "ಶಾಣ್ಯಾ" ಎನ್ನುತ್ತಿದ್ದರು. ನಂತರದ ಬದುಕಿನಲ್ಲಿ ಎಂಟು ವರ್ಷ ಓದಿ, ಮೂವತ್ತು ವರ್ಷ ನೌಕರಿ ಮಾಡಿದರೂ ಆ ಬಿರುದು ಮತ್ತೆ ಬರಲಿಲ್ಲ.

ಆಯಿಗೆ ದಾರದ ಉದ್ದದಲ್ಲಿ ಬಲು ಕಟ್ಟುನಿಟ್ಟು. ಎರಡು ಮೊಳಕ್ಕಿಂತ ಹೆಚ್ಚು ಬೇಡ. ಹುಡುಗಬುದ್ಧಿಗೆ ನಾನು, ಪದೇ ಪದೇ ಕರೆಯದಿರಲಿ ಎಂದು, ಒಮ್ಮೆ ಒಂದು ಮಾರು ದಾರ ಹಾಕಿಕೊಟ್ಟೆ. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಅದು ಸಿಕ್ಕಾಯಿತು, ಗಂಟಾಯಿತು, ಪಕ್ಕದ ಕಾಕುವಿನ ಕಿವಿಯ ಬುಗುಡಿಗೆ ತಗುಲಿ ಅಲ್ಲೊಂದು ಸಣ್ಣ ಕಲಹವೂ ಆಯಿತು. "ಮೈಗಳ್ಳನ ದಾರ ಉದ್ದ" ಎಂದಳು ಆಯಿ. ಮುಂದೆ ಕಚೇರಿಯಲ್ಲಿ ಉದ್ದುದ್ದ ಟಿಪ್ಪಣಿ ಬರೆಯುವವರನ್ನು ಕಂಡಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತಿತ್ತು. ಕೆಲವೊಮ್ಮೆ ಆ ಟಿಪ್ಪಣಿ ನನ್ನದೇ ಆಗಿರುತ್ತಿತ್ತು.

ನಿವೃತ್ತಿಯಾದ ಮೇಲೆ ಒಂದು ಮಳೆಯ ದಿನ ಕೂತು ಈ ಹುದ್ದೆಯ ಲೆಕ್ಕ ಹಾಕಿದೆ. ಕೌದಿ 7 ಅಡಿ ಉದ್ದ, 5 ಅಡಿ ಅಗಲ ಎಂದು ಹಿಡಿಯಿರಿ. ಸಾಲಿನಿಂದ ಸಾಲಿಗೆ ಒಂದು ಬೆರಳು, ಅಂದರೆ ಮುಕ್ಕಾಲು ಇಂಚು ಅಂತರ. ಎಲ್ಲ ಸಾಲುಗಳನ್ನೂ ಬಿಚ್ಚಿ ಒಂದರ ಬೆನ್ನಿಗೊಂದು ಇಟ್ಟರೆ 560 ಅಡಿ, ಸುಮಾರು 170 ಮೀಟರ್. ಇಂಚಿಗೆ ಎರಡು ಹೊಲಿಗೆಯಂತೆ 13,440 ಹೊಲಿಗೆ. ದಾರ ಬಟ್ಟೆಯೊಳಗೆ ಇಳಿದು ಏರುವುದರಿಂದ ಇನ್ನಷ್ಟು ಹಿಡಿಯುತ್ತದೆ. ಎರಡು ಮೊಳದ ಲೆಕ್ಕದಲ್ಲಿ ಒಂದು ಕೌದಿಗೆ 200 ಸಲಕ್ಕೂ ಹೆಚ್ಚು ದಾರ ಪೋಣಿಸಬೇಕು! ಕಾಗದವನ್ನು ಹೆಂಡತಿಯ ಮುಂದೆ ಹಿಡಿದು, "ನೋಡು, ನನ್ನ ಪಾಲು ಎಷ್ಟೈತಿ" ಎಂದೆ. ಆಕೆ ಕನ್ನಡಕದ ಮೇಲಿಂದ ನೋಡಿ, "ಹದಿಮೂರು ಸಾವಿರ ಯಾರದ್ರೀ?" ಎಂದಳು. ನಾನು ಕಾಗದ ಮಡಚಿದೆ.

ಈ 13,440 ಹೊಲಿಗೆಗಳನ್ನು ಸುಮ್ಮನೆ ಕೂತು ಹಾಕಲು ಮನುಷ್ಯಮಾತ್ರದವರಿಂದ ಸಾಧ್ಯವಿಲ್ಲ. ಅದಕ್ಕೇ ಮಾತು ಬೇಕು. ಕೌದಿಗಾಗಿ ಹೆಣ್ಣುಮಕ್ಕಳು ಕೂಡುತ್ತಿದ್ದರೋ ಕೂಡಿ ಮಾತಾಡಲು ಕೌದಿಯ ನೆಪ ಹೂಡುತ್ತಿದ್ದರೋ, ಐವತ್ತು ವರ್ಷ ಪಕ್ಕದಲ್ಲಿ ಕೂತೂ ನನಗೆ ಇತ್ಯರ್ಥವಾಗಿಲ್ಲ. ಆದರೆ ಒಂದು ಮಾತು ಖಾತ್ರಿ: ಹೊಲಿಗೆ ಸುಳ್ಳು ಹೇಳುವುದಿಲ್ಲ. ಸುದ್ದಿ ತಣ್ಣಗಿದ್ದಾಗ, ಜ್ವರ, ಜೋಳದ ಧಾರಣೆ, ಎಮ್ಮೆ ಈದದ್ದು, ಇಂಥ ವಿಷಯ ನಡೆದಾಗ ಹೊಲಿಗೆ ಜೋಳದ ಕಾಳಿನಷ್ಟು ಸಣ್ಣದು, ಒಂದೇ ಅಳತೆ. ಸುದ್ದಿ ಬಿಸಿಯಾದಂತೆ ಹೊಲಿಗೆ ಉದ್ದವಾಗುತ್ತದೆ. ಆಯಿ ತನ್ನ ಹಳೆಯ ಕೌದಿಯ ಮೇಲೆ ಬೆರಳಾಡಿಸಿ, "ಈ ಸಾಲು ನೋಡು, ಮೂಲಿಮನಿ ಹುಡುಗಿ ಓಡಿಹೋದ ದಿನದ್ದು" ಎನ್ನುತ್ತಿದ್ದಳು. ಅರ್ಧ ಇಂಚಿನ ಹೊಲಿಗೆ ಮುಕ್ಕಾಲು ಇಂಚಾಗಿ, ಅಲ್ಲಿಂದ ಒಂದೂವರೆ ಇಂಚಿಗೆ ಹಾರಿ, ಸಾಲೇ ಓರೆಯಾಗಿ ಹೋಗಿತ್ತು. ಹುಡುಗಿಯ ಹಿಂದೆಯೇ ಸೂಜಿಯೂ ಓಡಿತ್ತು. ಮುಂದಿನ ಸಾಲಿನಲ್ಲಿ ಮತ್ತೆ ಸಣ್ಣ ಹೊಲಿಗೆ. ಅಂದರೆ ಹುಡುಗಿ ಸಿಕ್ಕಳು, ಮದುವೆಯೂ ಆಯಿತು. ಊರಿನ ಇತಿಹಾಸ ಬರೆಯಬೇಕೆನ್ನುವವರು ಶಾಸನಗಳ ಜೊತೆ ಸ್ವಲ್ಪ ಟ್ರಂಕುಗಳನ್ನೂ ತೆಗೆಸಿ ನೋಡಬೇಕು.

ಕೌದಿಗೆ ಯಾವ ಬಟ್ಟೆ ಆಗುತ್ತದೆ ಎಂಬುದು ಬ್ಯಾಂಕು ಸಾಲ ಕೊಡುವಷ್ಟೇ ಕಟ್ಟುನಿಟ್ಟಿನ ವಿಚಾರ. ಹತ್ತಿಯದಿರಬೇಕು. ಹಳೆಯದಿರಬೇಕು, ಏಕೆಂದರೆ ಹೊಸ ಬಟ್ಟೆ ಒಗೆದಾಗ ಕುಗ್ಗುತ್ತದೆ, ಪಕ್ಕದ ಹಳೆಯ ಬಟ್ಟೆ ಕುಗ್ಗುವುದನ್ನು ಎಂದೋ ಮುಗಿಸಿರುತ್ತದೆ. ಇಬ್ಬರ ನಡುವೆ ಜಗ್ಗಾಟವಾಗಿ ಕೌದಿ ಸುಕ್ಕುಗಟ್ಟುತ್ತದೆ. ಹೊಸ ಸೊಸೆ ಹಳೆಯ ಅತ್ತೆ ಒಂದೇ ಅಡಿಗೆಮನೆಯಲ್ಲಿ ನಿಂತಾಗ ಆಗುವುದೂ ಇದೇ, ಅಲ್ಲಿ ಸುಕ್ಕು ಬೀಳುವುದು ಗಂಡನ ಹಣೆಗೆ. ಹೊಸದು ಬಣ್ಣ ಬೇರೆ ಬಿಡುತ್ತದೆ. ಕೌದಿಗೆ ಬರುವ ಹೊತ್ತಿಗೆ ಬಟ್ಟೆ ಕುಗ್ಗುವುದು, ಬಣ್ಣ ಬಿಡುವುದು, ಬಿರುಸಾಗಿರುವುದು, ಈ ಮೂರೂ ಚಟಗಳನ್ನು ಬಿಟ್ಟಿರಬೇಕು. ನಮ್ಮಂಥ ನಿವೃತ್ತರಿಗೆ ಇದು ಚೆನ್ನಾಗಿ ತಿಳಿಯುತ್ತದೆ.

ಧೋತರ ಒಳಪದರಕ್ಕೆ ಶ್ರೇಷ್ಠ, ತೊಳೆದು ತೊಳೆದು ಬೆಣ್ಣೆಯಾಗಿರುತ್ತದೆ. ಪಾಲಿಯೆಸ್ಟರ್ ಸೀರೆ ಅರ್ಜಿ ಹಾಕಲೇಬಾರದು: ಜಾರುತ್ತದೆ, ಬೆವರು ಹೀರುವುದಿಲ್ಲ, ಹೊದ್ದವನು ನಡುರಾತ್ರಿ ಎದ್ದು ಕೂರುತ್ತಾನೆ. ಜೀನ್ಸ್ ಪ್ಯಾಂಟು ನಮ್ಮ ಮನೆಯಲ್ಲಿ ಎರಡು ಸೂಜಿ ಮುರಿದ ಮೇಲೆ ಬಹಿಷ್ಕಾರಕ್ಕೆ ಒಳಗಾಯಿತು. ಈ ಕಾಲದ ನಿಜವಾದ ಕೌದಿಭೂಷಣ ಯಾವುದೆಂದರೆ ಹತ್ತಿಯ ನೈಟಿ. ಹೂವಿನ ಚಿತ್ತಾರ, ಮೆತ್ತನೆಯ ಬಟ್ಟೆ, ಬೇಕಾದಷ್ಟು ಸುತ್ತಳತೆ. ನೈಟಿಯನ್ನು ಬಯ್ಯುವ ಹಿರಿಯರು ಅದರ ಮೇಲೆಯೇ ಮಲಗಿ ಬಯ್ಯುವ ದಿನ ನಮ್ಮ ಓಣಿಯಲ್ಲಿ ಬಂದಾಗಿದೆ.

ಇಳಕಲ್ ಸೀರೆಯದು ಬೇರೆಯೇ ಮರ್ಯಾದೆ. ನಮ್ಮವ್ವನ ಒಂದು ಇಳಕಲ್ ಸೀರೆಗೆ ಹೆಂಡತಿ ಕತ್ತರಿ ಇಟ್ಟಾಗ ನಾನು ಅಡ್ಡ ಹೋದೆ. "ಅವ್ವನ ಸೀರಿ ತುಂಡ ಮಾಡತೀಯೇನ?" ಎಂದು ಕೊರಳು ಗದ್ಗದ ಮಾಡಿಕೊಂಡೆ. ಆಕೆ ಸೀರೆಯ ಒಡಲು ಮತ್ತು ಸೆರಗು ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ತೋರಿಸಿದಳು. ಒಡಲಿನ ಹಾಸುನೂಲು ಹತ್ತಿ, ಸೆರಗಿನದು ರೇಷ್ಮೆ. ನೇಯುವವರು ಆ ಎರಡನ್ನೂ ಕೊಂಡಿಗೆ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ಆ ಕೆಂಪು-ಬಿಳುಪಿನ ಟೋಪ ತೆನಿ ಸೆರಗು ಹುಟ್ಟುವುದು. "ಹುಟ್ಟಾ ಜೋಡಿಸಿದ್ದೇ ಐತಿ ಇದು. ನಾ ಇನ್ನೊಂದೆರಡ ಕಡೆ ಜೋಡಿಸತೀನಿ, ಅಷ್ಟ" ಎಂದಳು. ಎಂಟು ವರ್ಷ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಉಸಿರುಗಟ್ಟಿ ಬಿದ್ದಿದ್ದ ಸೀರೆ ಅದು. ಆ ಎಂಟು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ತೆಗೆದು ನೋಡಿರಲಿಲ್ಲ. ಕತ್ತರಿ ಬಿದ್ದ ಮೇಲೆ ದಿನವೂ ನೋಡತೊಡಗಿದೆ. ಒಡಲು ಕೌದಿಯ ನಾಲ್ಕೂ ಬದಿಗೆ ಪಟ್ಟಿಯಾಗಿ ಬಂತು, ಸೆರಗು ಜಾರುವ ರೇಷ್ಮೆಯಾದ್ದರಿಂದ ಕತ್ತರಿಯಿಂದ ಬಚಾವಾಗಿ ದೇವರಮನೆಯ ಪರದೆಯಾಯಿತು.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಮಾಡಿದವರ ಮೇಲೆ ಆಯಿಗೆ ಬಹಳ ಸಿಟ್ಟಿತ್ತು. ಹದಿನಾಲ್ಕರ ವಯಸ್ಸಿನಲ್ಲಿ ನಾನು ಬಿದಿರಿನಂತೆ ಏರಿ, ಕಾಲು ಕೌದಿಯ ಆಚೆ ಚಳಿಯಲ್ಲಿ ಉಳಿದಾಗ ಮನೆಯ ಗಂಡಸರೆಲ್ಲ ಆ ಗಾದೆಯನ್ನು ಹೇಳಿ ಕರ್ತವ್ಯ ಮುಗಿಸಿದರು. ಆಯಿ ಏನೂ ಹೇಳದೆ ಮರುದಿನ ಕೆಳಗಿನ ಅಂಚು ಬಿಚ್ಚಿ ಒಂದು ಗೇಣಿನ ಪಟ್ಟಿ ಜೋಡಿಸಿದಳು. ಆ ವರ್ಷ ಮೂರು ಪಟ್ಟಿ ಕೂಡಿದವು. "ಹಾಸಗಿ ಹೊಲಿಯಾಕ ಬರಲಾರದವರು ಮಾಡಿದ ಗಾದಿ ಅದು" ಎಂದಳು.

ಕೌದಿ ಹೊಲಿಯಲು ಪುರಸೊತ್ತಿಲ್ಲದ ಮನೆಗಳಿಗೆ ಊರೂರು ತಿರುಗಿ ಹೊಲಿದುಕೊಡುವ ಹೆಣ್ಣುಮಕ್ಕಳು ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು ಎರಡು ಮೂರು ದಿನದಲ್ಲಿ ಒಂದು ಕೌದಿ ಮುಗಿಸಿ, ಕಾಳು-ಕಡಿ, ರೊಕ್ಕ, ಒಂದು ಹಳೆಯ ಕುಬಸ ಇಸಿದುಕೊಂಡು ಮುಂದಿನ ಊರಿಗೆ. ಈಗ ಮಷೀನಿನ ಮೇಲೆ ಹೊಲಿದುಕೊಡುವವರೂ ಇದ್ದಾರೆ. ಬೇಗ ಆಗುತ್ತದೆ, ಗಟ್ಟಿಯೂ ಇರುತ್ತದೆ. ಆದರೆ ಮಷೀನಿನ ಹೊಲಿಗೆ ಒತ್ತಾಗಿ, ಬಿಗಿಯಾಗಿ ಪದರಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಕೈಹೊಲಿಗೆ ಸಡಿಲ. ಪದರಗಳ ನಡುವೆ ಗಾಳಿ ನಿಲ್ಲುತ್ತದೆ, ಬೆಚ್ಚಗಿಡುವುದು ಆ ನಿಂತ ಗಾಳಿಯೇ. ಈ ವಿಜ್ಞಾನವನ್ನು ನಾನು ಒಂದು ರಾತ್ರಿ ಹೆಂಡತಿಗೆ ವಿವರಿಸಿದೆ. "ಮಾತಾಡುವಾಗೂ ಅಷ್ಟ. ಸಡ್ಲ ಇರಬೇಕು, ನಡು ಗಾಳಿ ಆಡಬೇಕು. ನಿಮ್ಮದು ಮಷೀನ್ ಹೊಲಗಿ" ಎಂದು ಮಗ್ಗುಲು ಬದಲಿಸಿದಳು.

ಇನ್ನು ಒಗೆಯುವ ಪ್ರಸಂಗ. ಮಹಾನವಮಿ ಹತ್ತಿರ ಬಂದರೆ ಮನೆಯ ಹಾಸಿಗೆ-ಹೊದಿಕೆಯೆಲ್ಲ ಹೊರಗೆ ಬೀಳಬೇಕು. ಆಗೆಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಹಳ್ಳಕ್ಕೆ ಹೋಗುತ್ತಿದ್ದೆವು. ಒಣಗಿದ್ದಾಗ ನಾಲ್ಕು ಕಿಲೋ ತೂಗುವ ಕೌದಿ ನೀರು ಕುಡಿದ ಮೇಲೆ ಎಮ್ಮೆಯ ಕರುವಾಗುತ್ತದೆ. ಹಿಂಡಲು ಇಬ್ಬರು ಬೇಕು: ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು, ಒಬ್ಬರು ಬಲಕ್ಕೆ ತಿರುವಿದರೆ ಇನ್ನೊಬ್ಬರು ಎಡಕ್ಕೆ. ಮದುವೆಗೆ ಮುಂಚೆ ಜಾತಕ ಕೂಡಿಸುವ ಬದಲು ಹುಡುಗ-ಹುಡುಗಿಯ ಕೈಗೆ ಒಂದು ಒದ್ದೆ ಕೌದಿ ಕೊಟ್ಟು ನೋಡಬೇಕು. ಇಬ್ಬರೂ ಒಂದೇ ಕಡೆ ತಿರುವಿದರೆ ನೀರು ಇಳಿಯುವುದಿಲ್ಲ, ಇಬ್ಬರಿಗೂ ಹಟ ಎಂದು ತಿಳಿಯುತ್ತದೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಹಳ್ಳಕ್ಕೆ ಬೀಳುತ್ತಾರೆ, ಅದೂ ಒಳ್ಳೆಯ ಸೂಚನೆಯೇ, ಮುಂದೆ ಬೀಳುವವರು ಯಾರೆಂದು ಮೊದಲೇ ಗೊತ್ತಾಗುತ್ತದೆ.

ಈಗ ಹಳ್ಳಕ್ಕೆ ಯಾರು ಹೋಗುತ್ತಾರೆ? ಮೂರು ವರ್ಷದ ಹಿಂದೆ, ಹೆಂಡತಿ ತವರಿಗೆ ಹೋದಾಗ, ನಾನು ದೊಡ್ಡ ಕೌದಿಯನ್ನು ವಾಷಿಂಗ್ ಮಷೀನಿಗೆ ಹಾಕಿದೆ. ಆಕೆ ಬರುವಷ್ಟರಲ್ಲಿ ಬೆರಗುಗೊಳಿಸುವ ಆಸೆ. ಅರ್ಧ ಗಂಟೆ ಮಷೀನು ಸುಮ್ಮನಿತ್ತು, ಕೌದಿ ನೀರು ಕುಡಿಯುತ್ತಿತ್ತು. ಹಿಂಡುವ ಹೊತ್ತು ಬಂದಾಗ ಮಷೀನು ಒಮ್ಮೆ ನಡುಗಿತು, ಎರಡು ಸಲ ಕುಪ್ಪಳಿಸಿತು, ಆಮೇಲೆ ಬಚ್ಚಲಿನಿಂದ ಹೊರಟು ಬಾಗಿಲ ತನಕ ನಡೆದುಬಂದು, ವೈರು ಸಾಲದೆ ನಿಂತಿತು. ರಿಪೇರಿಯವನು ಬಂದು ಮುಚ್ಚಳ ತೆಗೆದು, "ಒಳಗ ಯಾರ ಅದಾರ್ರೀ?" ಎಂದು ಕೇಳಿದ. ಅವನು ಹೇಳಿದ ರೊಕ್ಕದಲ್ಲಿ ಎರಡು ಹೊಸ ಹೊದಿಕೆ ಬರುತ್ತಿದ್ದವು. ಹೊಸ ಹೊದಿಕೆಯ ಮಾತನ್ನು ನಾನು ಎತ್ತಲಿಲ್ಲ. ಹಿಂದೊಮ್ಮೆ ಎತ್ತಿದ್ದೆ. ಮೊಬೈಲಿನಲ್ಲಿ ನೋಡಿ ತರಿಸಿದ ಮೈಕ್ರೋಫೈಬರ್ ಕಂಫರ್ಟರು ಉಬ್ಬಿ ಉಬ್ಬಿ ಬಂತು, ಹೊದ್ದರೆ ಮೋಡ ಹೊದ್ದಂತೆ, ಬೆಳಗಾಗುವಷ್ಟರಲ್ಲಿ ಮೋಡ ಮಂಚದ ಕೆಳಗೆ. ಕೌದಿ ಹಾಗಲ್ಲ. ಅದರ ಭಾರವೇ ಒಂದು ಸಮಾಧಾನ, ಹಿರಿಯರೊಬ್ಬರು ಮೈಮೇಲೆ ಕೈಯಿಟ್ಟು "ಸುಮ್ಮನ ಮಲಗು" ಎಂದಂತೆ.

ಇಷ್ಟಕ್ಕೂ ಟ್ರಂಕಿನ ಮೇಲಿನ ಆ ಕೌದಿ ಎರಡು ವರ್ಷ ಅರ್ಧಕ್ಕೆ ನಿಲ್ಲಲು ನಾನೊಬ್ಬನೇ ಕಾರಣನಲ್ಲ, ಹಳಿಯಾಳವೂ ಕಾರಣ. ಧಾರವಾಡದಿಂದ ಹಳಿಯಾಳ ದೂರವೇನಲ್ಲ. ಅಲ್ಲಿಗೆ ಒಂದು ಮದುವೆಗೆ ಹೋಗಿದ್ದೆವು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಿನಂಚಿನಲ್ಲಿ ಸಿದ್ದಿ ಜನರ ಮನೆಗಳಿವೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಈ ನೆಲಕ್ಕೆ ಬಂದವರ, ಬಹಳಷ್ಟು ಮಂದಿ ಗುಲಾಮರಾಗಿ ತರಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ, ಮೂವರ ಮನೆಯಲ್ಲೂ ಕೌದಿ ಇದೆ. ಅವರು ಕವಂದಿ ಎನ್ನುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹಳ್ಳಿಗಳಿಗೆ ಬಂದು ಕೂತು ಅಧ್ಯಯನ ಮಾಡಿದ ಮೇಲೆ ಆ ಕವಂದಿಗಳು ಅಮೆರಿಕದ ಪ್ರದರ್ಶನಗಳ ಗೋಡೆ ಏರಿದವು. ಮಲಗುವುದಕ್ಕೆ ಹುಟ್ಟಿದ್ದು ನಿಂತುಕೊಂಡಿತು.

ಮದುವೆಮನೆಯ ಹಿಂದಿನ ಜಗಲಿಯಲ್ಲಿ ಒಬ್ಬ ಸಿದ್ದಿ ಅಕ್ಕ ಕವಂದಿ ಹೊಲಿಯುತ್ತ ಕೂತಿದ್ದರು. ನನ್ನ ಹೆಂಡತಿ ಊಟದ ಪಂಕ್ತಿ ಬಿಟ್ಟು ಅಲ್ಲೇ ಕೂತಳು. ಕೆಳಗೆ ಒಂದು ಹಳೆಯ ಸೀರೆ ಹಾಸಿ, ಅಂಚಿನಿಂದ ಆರಂಭಿಸಿ, ಕೈಗೆ ಸಿಕ್ಕ ತುಂಡು ಇಟ್ಟು ಅಂಚು ಮಡಚಿ ಹೊಲಿಯುತ್ತ, ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬರುವ ರೀತಿ. ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಅಳತೆಪಟ್ಟಿ ಇಲ್ಲ. "ಯಾವ ತುಂಡ ಎಲ್ಲಿ ಬರಬೇಕು ಅಂತ ಹೆಂಗ ಗೊತ್ತಾಗತೈತ್ರೀ?" ಎಂದು ಕೇಳಿದರೆ ಅವರು ನಕ್ಕು, "ಅದಕ್ಕೇ ಗೊತ್ತಿರ್ತದೆ" ಎಂದು ಬಟ್ಟೆಯನ್ನು ತೋರಿಸಿದರು. ನಾಲ್ಕು ಮೂಲೆಗೆ ಮಡಚಿ ಮಡಚಿ ಎಬ್ಬಿಸಿದ ತ್ರಿಕೋನದ ಕುಚ್ಚುಗಳಿದ್ದವು. ಅವಕ್ಕೆ ಫುಲಾ ಎನ್ನುತ್ತಾರೆ, ಹೂವು. ಫುಲಾ ಇಲ್ಲದ ಕವಂದಿ ಬತ್ತಲೆ ಇದ್ದ ಹಾಗೆ.

ಅಷ್ಟೇ ಸಾಕಾಯಿತು. ಮನೆಗೆ ಬಂದು ಹೊಲಿಯಲು ಹಿಡಿದಿದ್ದ ಕೌದಿ ಹರಡಿ ನೋಡಿದಳು. ಬತ್ತಲೆ! ಇಷ್ಟು ವರ್ಷ ಇಂಥ ಕೌದಿ ಹೊದ್ದು ನಾವು ಯಾವ ಮುಖ ಹೊತ್ತು ಮಲಗಿದ್ದೆವು? ಅಂದೇ ನಾಲ್ಕೂ ಮೂಲೆ ಬಿಚ್ಚಿದಳು. ಫುಲಾಕ್ಕೆ ಗುಳೇದಗುಡ್ಡದ ಖಣವೇ ಬೇಕೆನಿಸಿತು. ಟ್ರಂಕಿನ ತಳದಿಂದ ತನ್ನ ಮದುವೆಯ ಕುಬಸವನ್ನು ತೆಗೆದಳು. ಮೂವತ್ತೆರಡು ವರ್ಷ ಹಳೆಯದು, ತೋಳು ಈಗ ಆಕೆಯ ಮಣಿಕಟ್ಟಿನ ತನಕ ಮಾತ್ರ ಏರುತ್ತದೆ. ಒಂದು ಇಡೀ ಮಧ್ಯಾಹ್ನ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಎರಡು ಸಲ ಚಹಾ ಬೇಕೆಂದು ಕೇಳಿ, ಉತ್ತರ ಬಾರದೆ, ಮೂರನೆಯ ಸಲ ನಾನೇ ಮಾಡಿ ತಂದುಕೊಟ್ಟೆ. ಕುಡಿದಳು, ಕತ್ತರಿ ತೆಗೆದುಕೊಂಡಳು. ನಾಲ್ಕು ಮೂಲೆಯಲ್ಲಿ ನಾಲ್ಕು ಹೂವು ಅರಳಿದವು. ಅರಳಿದ ಮೇಲೆ ನನ್ನ ಕಡೆ ತಿರುಗಿ, "ನಾ ನನ್ನ ಖಣ ಕೊಟ್ಟೀನಿ. ಇನ್ನ ನಿಮ್ಮ ಪಾಳಿ" ಎಂದಳು.

ಇದು ನ್ಯಾಯವಾದ ಮಾತು. ನ್ಯಾಯವಾದ ಮಾತಿಗೆ ಉತ್ತರವಿರುವುದಿಲ್ಲ, ವಾಯಿದೆ ಮಾತ್ರ ಇರುತ್ತದೆ. ಯುಗಾದಿ ಮುಗಿಯಲಿ ಎಂದೆ, ಪಂಚಮಿ ಮುಗಿಯಲಿ ಎಂದೆ. ಹಳೆಯ ಬನಿಯನ್ನು ಕೊಡುತ್ತೇನೆ ಎಂದು ಸಂಧಾನಕ್ಕೆ ಹೋದೆ, ಬನಿಯನ್ನು ಪಾತ್ರೆ ಹಿಡಿಯಲು ಹೋಯಿತು. ಆ ಅಂಗಿ ತೊಟ್ಟ ದಿನವೇ ಮನೆಯ ಸಾಲ ಮಂಜೂರಾಯಿತು, ಮಗಳಿಗೆ ಸೀಟು ಸಿಕ್ಕಿತು ಎಂದೆಲ್ಲ ಪುರಾಣ ಕಟ್ಟಿದೆ. ನಿಜವಾದ ಕಾರಣ ಹೇಳಲು ನಾಚಿಕೆ. ಆ ಅಂಗಿಯ ಜೇಬು ಆಳವಾಗಿತ್ತು. ಈಗಿನ ಅಂಗಿಗಳ ಜೇಬು ಒಂದು ಬಸ್ ಟಿಕೀಟಿಗೆ ಸರಿ. ನನ್ನ ಕನ್ನಡಕ ಬೀಳದೆ ನಿಲ್ಲುತ್ತಿದ್ದದ್ದು ಅದೊಂದರಲ್ಲೇ. ಅಂಗಿ ಬದಲಿಸಿದ ದಿನ ಕನ್ನಡಕ ಕಳೆಯುತ್ತದೆ, ಕನ್ನಡಕ ಹುಡುಕಲು ಕನ್ನಡಕ ಬೇಕಾಗುತ್ತದೆ, ಮನೆಯಲ್ಲಿ ಎಲ್ಲರೂ ನನ್ನ ಜೊತೆ ಹುಡುಕಿ, ಕೊನೆಗೆ ಅದು ನನ್ನ ತಲೆಯ ಮೇಲೆಯೇ ಸಿಗುತ್ತದೆ. ಹೀಗಾಗಿ ಆ ಅಂಗಿ ತೊಟ್ಟೇ ತೊಟ್ಟೆ, ಸವೆದೇ ಸವೆಯಿತು.

ಹೋದ ಶ್ರಾವಣದಲ್ಲಿ ಧಾರವಾಡದ ಜಿಟಿಜಿಟಿ ಮಳೆ ಒಂಬತ್ತು ದಿನ ಹಿಡಿಯಿತು. ಒಗೆದದ್ದು ಒಣಗಲಿಲ್ಲ, ಒಣಗಿದ್ದು ಬೆಚ್ಚಗಾಗಲಿಲ್ಲ. ಅಂಗಿ ಒಳಗಿನ ಹಗ್ಗದ ಮೇಲೆ ಜೋತಾಡುತ್ತಿತ್ತು, ಕನ್ನಡಕ ಅದರ ಜೇಬಿನಲ್ಲೇ ಉಳಿದು ಒಗೆಸಿಕೊಂಡಿತ್ತು. ಸಂಜೆ ಕರೆಂಟು ಹೋದಾಗ ಕತ್ತಲಲ್ಲಿ ಕೈಚಾಚಿ ಜಗ್ಗಿದೆ. ಚರ್ ಎಂದಿತು. ಕಾಲರಿನಿಂದ ಮೊಣಕೈ ತನಕ ಒಂದೇ ನೇರ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ತಟ್ಟನೆ ನಿಂತಿತು.

ಆಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು. ಕೈ ತೊಳೆದುಕೊಂಡಳು, ಮೇಣಬತ್ತಿ ಹಚ್ಚಿದಳು, ಕತ್ತರಿ ತಂದು ನನ್ನ ಕೈಗೇ ಕೊಟ್ಟಳು. ಎರಡು ವರ್ಷ ಅಂಗಿಗಾಗಿ ಕಾದವಳು ಅದನ್ನು ತಾನು ಕತ್ತರಿಸಲು ಒಪ್ಪಲಿಲ್ಲ. ಮೊದಲ ಕತ್ತರಿ ಹಾಕುವಾಗ ಕೈ ಸ್ವಲ್ಪ ತಡೆಯಿತು. ಎರಡನೆಯದಕ್ಕೆ ಸಲೀಸು. ಮೂರನೆಯದು, ಸತ್ಯ ಹೇಳಬೇಕೆಂದರೆ, ಖುಷಿಯಾಯಿತು. ಹಗ್ಗಕ್ಕೆ ಜೋತಾಡುವಾಗ ಅದು ಹರಕು ಅಂಗಿ, ಕತ್ತರಿಗೆ ಬಿದ್ದ ಮೇಲೆ ಎಂಥ ಚೆಲುವಾದ ನೀಲಿ ಅರಿವೆ! ಕುಬಸದ ಮಧ್ಯಾಹ್ನ ಆಕೆಗೂ ಹೀಗೇ ಆಗಿತ್ತೇನೋ. ಕೇಳಬೇಕೆನಿಸಿತು. ಬದಲಿಗೆ ಚಹಾ ಬೇಕೇನು ಎಂದು ಕೇಳಿದೆ.

ಮರುದಿನ ಹೊಟ್ಟೆ ತುಂಬುವ ಶಾಸ್ತ್ರ. ನಮ್ಮ ಮನೆತನದಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಗಿಸುವಂತಿಲ್ಲ. ಕೊನೆಯ ತುಂಡು ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಅಕ್ಕಿ, ಒಂದು ಚೂರು ರೊಟ್ಟಿ ಇಡಬೇಕು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ಆಯಿ ಹೇಳುತ್ತಿದ್ದಳು. ಸಿದ್ದಿ ಅಕ್ಕನೂ ಕವಂದಿಯ ನಡುವೆ ಅಕ್ಕಿಕಾಳು ಇಡುವ ಮಾತು ಹೇಳಿದಾಗ ನನ್ನ ಹೆಂಡತಿ ಕಳೆದುಹೋದ ಅಕ್ಕನನ್ನು ಕಂಡವಳಂತೆ ಅವರ ಕೈ ಹಿಡಿದುಕೊಂಡಿದ್ದಳು. ಹೆಂಡತಿ ಅಕ್ಕಿ ಇಟ್ಟಳು, ರೊಟ್ಟಿಯ ಚೂರು ಇಟ್ಟಳು. ಬೆಲ್ಲವನ್ನೂ ಇಡಲು ಹೋದಾಗ, ಇರುವೆ ಬಂದಾವು, ಬೇಡ ಎಂದೆ. "ನಿಮ್ಮ ಅಂಗಿ ಐತಿ, ಸಪ್ಪ ಆಗತೈತಿ" ಎಂದು ಸಾಸಿವೆಯಷ್ಟು ಇಟ್ಟೇಬಿಟ್ಟಳು. ಮೇಲೆ ನೀಲಿ ಚೌಕಳಿಯ ತುಂಡು ಮುಚ್ಚಿದಳು. ನೋಡಿದರೆ ಅದು ಎದೆಯ ಭಾಗ, ಜೇಬು ಇದ್ದ ಹಾಗೇ ಇದೆ. ಜೇಬಿನ ಮೂರು ಬದಿ ಗಟ್ಟಿಯಾಗಿ ಹೊಲಿದು, ಬಾಯಿ ಮಾತ್ರ ತೆರೆದು ಬಿಟ್ಟಳು.

ಕೊನೆಯ ಸೂಜಿಗೆ ದಾರ ಪೋಣಿಸುವ ಗೌರವ ನನ್ನದು. ನಾಲಿಗೆಗೆ ತಾಗಿಸಿ, ಹೊಸೆದು, ಒಂದು ಕಣ್ಣು ಮುಚ್ಚಿದೆ. ಒಂದು ಏಟಿಗೆ ಹೋಗಲಿಲ್ಲ, ಎರಡಕ್ಕೆ ಹೋಗಲಿಲ್ಲ. ಏಳನೆಯದಕ್ಕೆ ದಾಟಿತು. "ಶಾಣ್ಯಾ ಅದೀರಿ" ಎಂದಳು. ಮದುವೆಯಾದಾಗಿನಿಂದ ಮೊದಲ ಸಲ.

ಆ ರಾತ್ರಿ ಕೌದಿ ಹೊದ್ದು ಮಲಗಿದೆವು. ಬೆಕ್ಕು ತನ್ನ ಹಕ್ಕಿನ ಜಾಗಕ್ಕೆ ಬಂತು. ದೀಪ ಆರಿಸುವ ಮೊದಲು ಹೆಂಡತಿ ನನ್ನ ಕನ್ನಡಕ ಕಿತ್ತುಕೊಂಡು ಕೌದಿಯ ಜೇಬಿನಲ್ಲಿಟ್ಟು, "ಇನ್ನ ಹುಡುಕಬ್ಯಾಡ್ರಿ" ಎಂದಳು. ನಿದ್ದೆ ಎಂಥದು ಬಂತೆಂದರೆ ಬೆಳಗಿನ ಹಾಲಿನವನ ಗಂಟೆಯೂ ಕೇಳಲಿಲ್ಲ. ಎಚ್ಚರಾದಾಗ ಕಣ್ಣು ತೆರೆಯದೆಯೇ ಹೊಟ್ಟೆಯ ಮೇಲೆ ಕೈಯಾಡಿಸಿದೆ. ಜೇಬು ಸಿಕ್ಕಿತು, ಜೇಬಿನಲ್ಲಿ ಕನ್ನಡಕ ಸಿಕ್ಕಿತು. ಹಾಕಿಕೊಂಡು ನೋಡಿದರೆ, ಹೆಂಡತಿ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತು ನನ್ನ ಲುಂಗಿಯನ್ನೇ ನೋಡುತ್ತಿದ್ದಳು.